ಎತ್ತಿ ಹೊಯ್ದ ನೀರು

ರೈಲುಹಳಿಯ ಕಾದ ಕಡಿಗಲ್ಲಿನ ಮೇಲೆ ನೀರು ಚೆಲ್ಲಿದಾಗ ಏಳುವ ವಾಸನೆ ನಿಮಗೂ ಗೊತ್ತಿರಬಹುದು. ಕಬ್ಬಿಣ, ಎಣ್ಣೆ, ಧೂಳು ಎಲ್ಲ ಬೆರೆತ ಒರಟು ವಾಸನೆ. ಮೊನ್ನೆ ನಮ್ಮೂರ ಹೊಸ ಸ್ಟೇಷನ್ನಿನಲ್ಲಿ ಗಾಡಿಗೆ ಕಾಯುತ್ತಿದ್ದಾಗ ಯಾರೋ ಬಾಟಲಿಯಲ್ಲಿ ಉಳಿದ ನೀರನ್ನು ಹಳಿಯ ಮೇಲೆ ಸುರಿದರು. ಆ ವಾಸನೆ ಮೂಗಿಗೆ ಬಂದದ್ದೇ ತಡ, ನಾನು ಪ್ಲಾಟ್‌ಫಾರ್ಮಿನ ಅಂಚಿಗೆ ಹೋಗಿ ಬಗ್ಗಿ ನಿಂತೆ. ಸ್ಟೇಷನ್ನು ಚೆನ್ನಾಗಿಯೇ ಇದೆ, ಸುಳ್ಳೇಕೆ ಹೇಳಲಿ? ಎತ್ತರದ ಪ್ಲಾಟ್‌ಫಾರ್ಮು, ನೆರಳು, ಸಾಲಾಗಿ ನಳಗಳು. ಇದು ಬಂದ ಮೇಲೆ ಗಾಡಿ ಒಂದು ಗಳಿಗೆ ನಿಲ್ಲುತ್ತಿದ್ದ ಆಚೀಚೆಯ ಎರಡು ಮುರುಕು ಹಾಲ್ಟುಗಳನ್ನು ಮುಚ್ಚಿದರು. ಅದರಲ್ಲೊಂದು ನನ್ನ ಮನೆಯಾಗಿತ್ತು.

ಮನೆ ಎಂದರೆ ತಗಡಿನ ಟಿಕೆಟ್ ಖೋಲಿ, ಅದರ ಬೆನ್ನಿಗೆ ಒಂದೇ ಕೋಣೆ, ಗೋಡೆಯಲ್ಲಿ ಬುದ್ಧನ ಕ್ಯಾಲೆಂಡರು, ಬಾಗಿಲೆದುರು ಬೇವಿನ ಮರ. ಅವ್ವ ತೀರಿಕೊಂಡ ಮೇಲೆ ನಾನು ಅಲ್ಲೇ ಬೆಳೆದೆ, ಅವಳ ತಂದೆತಾಯಿಯ ಹತ್ತಿರ. ಅತನೂರ ಕಡೆಯಿಂದ ಬಿಸಿಲಲ್ಲಿ ಬೆಂದು ಬಂದವರಿಗೆ ಅಜ್ಜ ಟಿಕೆಟ್ ಕೊಡುತ್ತಿದ್ದ. ಆಯಿ, ಅಂದರೆ ನನ್ನ ಅಜ್ಜಿ, ಬೇವಿನಡಿಯ ಮಣ್ಣಿನ ಹರವಿಯಿಂದ ತಾಮ್ರದ ತಂಬಿಗೆ ತುಂಬಿಕೊಂಡು ನಿಂತ ಗಾಡಿಯ ಬಾಗಿಲು ಬಾಗಿಲಿಗೂ ಓಡುತ್ತಿದ್ದಳು. ಊರಲ್ಲಿ ಮೇಲಿನ ಓಣಿಯವರು ನಮ್ಮ ಕೈಯ ನೀರು ಮುಟ್ಟುತ್ತಿರಲಿಲ್ಲ. ಗಾಡಿ ಹತ್ತಿದ ಮೇಲೆ ಅವರೂ ಬಾಗಿಲಲ್ಲಿ ಕುಕ್ಕರಿಸಿ ಬೊಗಸೆ ಒಡ್ಡುತ್ತಿದ್ದರು. ಆಯಿ ಅವರ ಕೈಗೆ ತಂಬಿಗೆ ತಾಗದಂತೆ ಎತ್ತಿ ಹೊಯ್ಯುತ್ತಿದ್ದಳು. ನನಗೆ ಸಿಟ್ಟು ಬರುತ್ತಿತ್ತು. "ಬಾಯಿ ಒಣಗ್ಯಾವ ಪಾಪ, ಕುಡೀಲಿ ಬಿಡಬೇ" ಎಂದು ಅವಳು ನಗುತ್ತಿದ್ದಳು. ತಂಬಿಗೆಯನ್ನೇ ಕೈಗೆ ಕೊಡುತ್ತಿದ್ದದ್ದು ಮನೆಯವರಿಗೆ ಮಾತ್ರ, ಅಜ್ಜನಿಗೆ ಮತ್ತು ನನಗೆ. ನಾನು ತುಟಿ ಹಚ್ಚಿ ಗಟಗಟ ಕುಡಿದು, ಉಳಿದದ್ದನ್ನು ಹಳಿಯ ಕಲ್ಲಿಗೆ ಚೆಲ್ಲಿ ಆ ವಾಸನೆಗಾಗಿ ಬಗ್ಗಿ ನಿಲ್ಲುತ್ತಿದ್ದೆ.

ಕಲಬುರಗಿಯ ಕಾಲೇಜು ಸೇರಿ ಹಾಸ್ಟೆಲ್ಲಿನಲ್ಲಿದ್ದ ಮೊದಲ ವರ್ಷ ಗೆಳತಿಯರ ಜತೆ ಸೊಲ್ಲಾಪುರಕ್ಕೆ ಹೊರಟಿದ್ದೆ. ನನ್ನ ಮನೆ ಎಲ್ಲಿ, ನಾವು ಯಾರು ಎಂಬುದನ್ನು ಅವರಿಗೆ ಹೇಳಿರಲಿಲ್ಲ. ಗಾಡಿ ನಮ್ಮ ಹಾಲ್ಟಿನಲ್ಲಿ ನಿಂತಿತು. ಬಾಗಿಲಲ್ಲಿ ಕುಳಿತ ನನ್ನನ್ನು ಕಂಡು ಆಯಿಯ ಮುಖ ಅರಳಿತು. ಓಡಿ ಬಂದು ತಂಬಿಗೆಯನ್ನೇ ಚಾಚಿದಳು. "ಯಾರಬೇ ಈಕಿ? ನಿನ್ನ ಗುರ್ತಿನಾಕಿ ಏನು?" ಎಂದಳು ಪಕ್ಕದ ಗೆಳತಿ. "ಯಾರೋ ಏನೋ, ನೀರು ಕೊಡೋ ಮುದುಕಿ" ಎಂದೆ. ಆಯಿಗೆ ಕೇಳಿಸಿತು. ಚಾಚಿದ ಕೈ ಹಿಂದೆ ಸರಿಯಿತು. "ಬೊಗಸಿ ಹಿಡಿಯವ್ವಾ" ಎಂದಳು, ಅಷ್ಟೇ. ತಂಬಿಗೆ ಎತ್ತಿ, ನನ್ನ ಬೆರಳಿಗೆ ತಾಗದಂತೆ ನೀರು ಹೊಯ್ದಳು.

ರಜೆಗೆ ಹೋದಾಗ ಅವಳು ಆ ಮಾತು ತೆಗೆಯಲಿಲ್ಲ. ಎಂದಿನಂತೆ ತಂಬಿಗೆಯನ್ನೇ ಕೈಗಿಟ್ಟಳು. ನಾನೇ ತುಟಿ ಹಚ್ಚಲಾರದೆ ಎತ್ತಿ ಕುಡಿದೆ. ತಪ್ಪಾಯಿತು ಎನ್ನಲು ನಾಲಿಗೆ ಏಳಲಿಲ್ಲ. ಅಜ್ಜ ಹೋದ, ಆಯಿಯೂ ಹೋದಳು. ಹಾಲ್ಟು ಇದ್ದಷ್ಟು ದಿನ ಅಲ್ಲಿ ಗಾಡಿ ನಿಂತಾಗಲೆಲ್ಲ ಬಾಗಿಲಿಗೆ ಬಂದು ಬೇವಿನ ಮರವನ್ನಾದರೂ ನೋಡುತ್ತಿದ್ದೆ.

ಮೊನ್ನೆ ಗಾಡಿ ಹೊಸ ಸ್ಟೇಷನ್ನು ಬಿಟ್ಟು ಆ ಜಾಗ ದಾಟುವಾಗಲೂ ಬಾಗಿಲಲ್ಲಿ ನಿಂತಿದ್ದೆ. ತಗಡೂ ಇಲ್ಲ, ಮರವೂ ಇಲ್ಲ. ಗಾಡಿ ತುಸುವೂ ನಿಧಾನವಾಗಲಿಲ್ಲ. ನನಗರಿವಿಲ್ಲದೆ ಕೂಗಿದ್ದೆ: "ಆಯಿ, ನೀರು ಕೊಡಬೇ!"

ಹಿಂದೆ ನಿಂತಿದ್ದ, ಕೂಲಿಗೆ ಹೊರಟ ಹೆಂಗಸೊಬ್ಬಳು ಗಾಬರಿಯಾದಳು. "ಯಾರೂ ಇಲ್ಲಲ್ರಿ ಅಲ್ಲಿ. ಯಾರನ್ನ ಕರ್ಯಾಕತ್ತೀರಿ?"

"ನಮ್ಮ ಆಯಿನ್ನರಿ" ಎಂದೆ, ಇಡೀ ಬೋಗಿಗೆ ಕೇಳುವ ಹಾಗೆ.

ಆಕೆ ತನ್ನ ನೀರಿನ ಬಾಟಲಿಯ ಮುಚ್ಚಳ ತೆಗೆದು ಬಾಟಲಿಯನ್ನೇ ಕೈಗೆ ಕೊಡಲು ಬಂದಳು. ನಾನು ಅಂದಿನಂತೆ ಬೊಗಸೆ ಒಡ್ಡಿದೆ.