ನಾಳೆ ಬರ್ರಿ

ಕಿರವತ್ತಿಯ ಹೆದ್ದಾರಿ ಪಕ್ಕದ ಧಾಬಾದ ಮಾಲೀಕರು ನನ್ನ ಬೈಕಿನ ಸದ್ದು ಕೇಳಿದರೆ ಸಾಕು, ಸೌಟು ಬಿಟ್ಟು ಹಿಂಬಾಗಿಲಿನಿಂದ ಹೊರಗೆ ಹೋಗುತ್ತಿದ್ದರು. ನಾನು ಸೊಸೈಟಿಯ ಸಾಲದ ಕಂತು ವಸೂಲಿ ಮಾಡುವವನು. ಎದುರು ಸಿಕ್ಕಿಬಿದ್ದರೆ ಹೆಗಲ ಟವೆಲಿನಿಂದ ಮುಖ ಒರೆಸಿಕೊಂಡು, "ನಾಳೆ ಬರ್ರಿ" ಎನ್ನುತ್ತಿದ್ದರು. ಬೈದರೆ ಮಾತ್ರ ಗಲ್ಲಾ ತೆರೆಯುತ್ತಿತ್ತು.

ಅಂತೂ ಸಾಲ ತೀರಿತು. ಅದೇ ವಾರ ಅವರೇ ಪಿಗ್ಮಿ ಖಾತೆ ತೆರೆದು, ದಿನಾ ಬಂದು ಉಳಿತಾಯದ ಹಣ ಒಯ್ಯಲು ನನಗೆ ಹೇಳಿದರು. ಮರುದಿನ ಹೋದೆ. ಸೌಟು ಇತ್ತು, ಅವರಿರಲಿಲ್ಲ.

"ಸಾಲ ಕೇಳಾಕ ಬಂದಿಲ್ಲ ಅವರು. ನಮ್ಮ ರೊಕ್ಕ ನಮಗ ಕೂಡಿಸಿಡಾಕ ಬಂದಾರ" ಎಂದು ಅವರ ಹೆಂಡತಿ ಹಿತ್ತಲಿಗೆ ಕೂಗಿ ಕರೆದರು. ಒಳಬಂದವರು ತಪ್ಪನ್ನು ನನ್ನ ಮೇಲೇ ಹಾಕಿದರು. "ನೀವು ನಕ್ಕೋತ ಕೇಳಿದ್ರ ಕೊಡಾಕ ಮನಸ್ಸ ಬರೂದಿಲ್ರಿ. ಮೊದಲಿನಂಗ ಬೈಯ್ರಿ."

ದಿನಾ ಬೈದೆ. ಊಟಕ್ಕೆ ಕೂತವರು ಪಾಪ, ಇನ್ನೂ ಸಾಲ ತೀರಿಲ್ಲವೆಂದು ಮರುಗುತ್ತಿದ್ದರು. "ಹಂಗ ತಿಳಕೊಳ್ಳಲಿ ಬಿಡ್ರಿ, ಕೈಗಡ ಕೇಳೂದು ತಪ್ಪತೈತಿ" ಎಂದರು ಮಾಲೀಕರು.

ಅವಧಿ ಮುಗಿದ ದಿನ ಕೂಡಿದ್ದ ಅಷ್ಟೂ ಹಣ ಹಿಡಿದು ಹೋದೆ. ಚೀಲ ತೋರಿಸಿ, ಇವತ್ತು ಕೊಡಲು ಬಂದಿದ್ದೇನೆ ಎಂದೆ. ಅವರು ಚೀಲ ನೋಡಿದರು, ಬೀಗವಿಲ್ಲದ ತಮ್ಮ ಗಲ್ಲಾ ನೋಡಿದರು. ನಿಧಾನವಾಗಿ ಟವೆಲಿನಿಂದ ಮುಖ ಒರೆಸಿಕೊಂಡರು.

"ನಾಳೆ ಬರ್ರಿ."