ಎಡಗಡೆ ಸದ್ದು ಕಮ್ಮಿ

ಮಾಲೂರು ಬಸ್ ಸ್ಟ್ಯಾಂಡ್ ಎದುರಿನ ಮೊಬೈಲ್ ಅಂಗಡಿಯವನು ನನಗೆ ಟೋಪಿ ಹಾಕಿದ ಎಂದು ಎಂಟು ತಿಂಗಳು ನಂಬಿದ್ದೆ. ಬರೀ ಅವನೊಬ್ಬನೇ ಅಲ್ಲ. ಆ ಎಂಟು ತಿಂಗಳಲ್ಲಿ ನಾಲ್ಕು ಊರಿನಲ್ಲಿ ನಾಲ್ಕು ಇಯರ್‌ಫೋನ್ ಕೊಂಡೆ, ನಾಲ್ಕಕ್ಕೂ ಒಂದೇ ರೋಗ: ಎಡಗಡೆ ಸದ್ದು ಕಮ್ಮಿ. ನಾಲ್ಕು ಊರಿನವರೂ ಮಾತಾಡಿಕೊಂಡು ನಿನ್ನೊಬ್ಬನಿಗೇ ಮೋಸ ಮಾಡ್ತಾರೇನಯ್ಯ ಎಂದು ಯಾರಾದರೂ ಕೇಳಬಹುದು. ಅದಕ್ಕೂ ನನ್ನ ಹತ್ತಿರ ಉತ್ತರವಿತ್ತು. ಎಲ್ಲರಿಗೂ ಮಾಲು ಬರುವುದು ಬೆಂಗಳೂರಿನ ಒಂದೇ ಗಲ್ಲಿಯಿಂದ. ಒಳ್ಳೆಯದನ್ನೆಲ್ಲ ಪಟ್ಟಣದವರು ಆರಿಸಿಕೊಂಡು, ಎಡಗಡೆ ಸತ್ತದ್ದನ್ನು ನಮ್ಮ ಕಡೆ ತಳ್ಳುತ್ತಾರೆ. ಹಳ್ಳಿಯವರಿಗೆ ಏನು ತಿಳಿಯುತ್ತೆ, ಒಂದು ಕಡೆ ಕೇಳಿದರೆ ಸಾಕು ಅಂತ.

ಅನುಮಾನ ಪಡುವುದು ನಮ್ಮ ಕಸುಬು. ಶಿವಾರಪಟ್ಟಣದಲ್ಲಿ ದೇವರ ವಿಗ್ರಹ ಕೆತ್ತುವವರು ನಾವು. ನನಗೆ ಕೆಲಸ ಕಲಿಸಿದವರು ಸೋದರಮಾವ; ಅವರ ಮಗಳನ್ನೇ ಮದುವೆಯಾಗಿ ಅವರ ಶೆಡ್ಡಿನಲ್ಲೇ ಉಳಿದೆ. ಕಲ್ಲು ಬಂದಿಳಿದಾಗ ಮೊದಲು ಮಾಡಬೇಕಾದದ್ದು ಅದನ್ನು ನಂಬದಿರುವುದು. ಸಣ್ಣ ಸುತ್ತಿಗೆಯಲ್ಲಿ ಅಡಿಯಿಂದ ಮುಡಿಯವರೆಗೆ ತಟ್ಟಿ ಕೇಳಬೇಕು. ಒಳಗೆ ಗಟ್ಟಿಯಾಗಿದ್ದರೆ ಠಣ್ ಅನ್ನುತ್ತದೆ, ಎಲ್ಲಾದರೂ ಬಿರುಕಿದ್ದರೆ ದಬ್ ಅನ್ನುತ್ತದೆ. ಸುತ್ತಿಗೆ ಬಲಗೈಯಲ್ಲಿರುವುದರಿಂದ ಬಗ್ಗಿ ಕಲ್ಲಿಗೆ ಕೊಡುವುದು ಎಡಗಿವಿ. ಮಾವ ನನಗೆ ಹಾಗೇ ರೂಢಿ ಮಾಡಿಸಿದ್ದರು. ಬಿರುಕಿನ ಕಲ್ಲಲ್ಲಿ ದೇವರು ನಿಲ್ಲುವುದಿಲ್ಲ, ಕೂರಿಸಿದ ಊರಿಗೂ ಒಳ್ಳೆಯದಾಗುವುದಿಲ್ಲ ಎಂದು ನಮ್ಮವರ ನಂಬಿಕೆ. ತೊಂಬತ್ತರ ದಶಕ ಮುಗಿಯುವ ಹೊತ್ತಿಗೆ ಮಾವ ಒಂದು ದಿನ ಆ ಸುತ್ತಿಗೆಯನ್ನು ನನ್ನ ಕೈಗಿಟ್ಟು, "ಇನ್ಮೇಲೆ ಕಲ್ಲು ನೋಡೋದು ನೀನೇ ಕಣೋ" ಅಂದರು. ಅವತ್ತಿನಿಂದ ನನ್ನ ಕಿವಿ ಒಪ್ಪಿದ್ದು ದೇವರು, ಒಪ್ಪದ್ದು ಮೆಟ್ಟಿಲು. ನನಗೆ ಜಂಬ ಬಂದಿತ್ತು, ಯಾಕೆ ಮುಚ್ಚಿಡಲಿ. ಸಂತೆಯಲ್ಲಿ ಮಡಕೆ, ತೆಂಗಿನಕಾಯಿ, ಕಲ್ಲಂಗಡಿ, ಏನು ಕೊಂಡರೂ ತಟ್ಟಿ ತಟ್ಟಿ ಮುಖ ಗಂಟು ಹಾಕಿಕೊಂಡು ನಿಲ್ಲುತ್ತಿದ್ದೆ. ನನ್ನ ಹೆಂಡತಿ ನಾಚಿಕೆಪಟ್ಟುಕೊಂಡು ಮುಂದಿನ ಅಂಗಡಿಗೆ ಹೋಗಿಬಿಡುತ್ತಿದ್ದಳು.

ಹೆಚ್ಚು ಕಡಿಮೆ ಅದೇ ಕಾಲಕ್ಕೆ ಶೆಡ್ಡಿಗೆ ಕಟಿಂಗ್ ಮಷೀನ್ ಬಂತು. ಉಳಿಯಲ್ಲಿ ವಾರ ಹಿಡಿಯುತ್ತಿದ್ದ ಕೆಲಸ ಒಂದೇ ದಿನಕ್ಕೆ ಮುಗಿಯುತ್ತಿತ್ತು, ಆದರೆ ಅದರ ಕಿರುಚಾಟ ಮಾತ್ರ ದೇವರಿಗೇ ಪ್ರೀತಿ. ಮಾವ ಮಷೀನ್ ಹಿಡಿದು ಕೂರುತ್ತಿದ್ದದ್ದು ನನ್ನ ಎಡಗಡೆ, ಕೈಯಳತೆ ದೂರದಲ್ಲಿ. ಕಿವಿಗೆ ಹತ್ತಿ ಇಟ್ಟುಕೊಂಡರೆ ಬಯ್ಯುತ್ತಿದ್ದರು. "ಕಿವಿ ಮುಚ್ಕೊಂಡು ಕಲ್ಲು ಕೆತ್ತೋದೂ ಕಣ್ಣು ಮುಚ್ಕೊಂಡು ಗಾಡಿ ಓಡ್ಸೋದೂ ಒಂದೇ ಕಣ್ಲಾ!"

ಕೆಲವು ವರ್ಷ ಕಳೆದ ಮೇಲೆ ಎಫ್‌ಎಂ ಬರುವ ಮೊಬೈಲ್ ಕೊಂಡೆ. ಇಯರ್‌ಫೋನ್ ಚುಚ್ಚದಿದ್ದರೆ ಅದರಲ್ಲಿ ರೇಡಿಯೋ ಬರುತ್ತಿರಲಿಲ್ಲ, ಆ ವೈರೇ ಅದಕ್ಕೆ ಏರಿಯಲ್ಲು. ಮೊಬೈಲ್ ಜೊತೆಗೆ ಕೊಟ್ಟಿದ್ದು ವಾರದಲ್ಲೇ ಕಿತ್ತುಹೋಯಿತು. ಅಲ್ಲಿಂದ ಶುರುವಾಯಿತು ನನ್ನ ಅಂಗಡಿ ತಿರುಗಾಟ. ಇಯರ್‌ಫೋನ್ ಪರೀಕ್ಷೆ ಮಾಡುವುದಕ್ಕೆ ನಾನೇ ಒಂದು ಕ್ರಮ ಕಂಡುಕೊಂಡಿದ್ದೆ. ಹಾಡು ಹಾಕಿ ನೋಡಬಾರದು. ಗುಂ ಗುಂ ಹೆಚ್ಚಿಸಿ ಎಂಥ ಕೆಟ್ಟ ಮಾಲನ್ನೂ ಮುಚ್ಚಿಬಿಡುತ್ತಾರೆ. ವಾರ್ತೆ ಓದುವವರ ದನಿ ಕೇಳಬೇಕು. ಒಳ್ಳೆಯದಾದರೆ ಆ ದನಿ ಕಿವಿಯಲ್ಲಿ ಇರುವುದಿಲ್ಲ, ಎರಡು ಹುಬ್ಬಿನ ನಡುವೆ ಕುಂಕುಮ ಇಡುವ ಜಾಗದಲ್ಲಿ ಬಂದು ಕೂರುತ್ತದೆ. ಕೆಟ್ಟದ್ದರಲ್ಲಿ ಬಿಂದಿಗೆಯೊಳಗೆ ಬಾಯಿಟ್ಟು ಓದಿದ ಹಾಗೆ ಕೇಳುತ್ತದೆ. ಸದ್ದು ಪಾಸಾದ ಮೇಲೆ, ಮಾವ ಬೈದರೂ, ಅದನ್ನು ಹಾಕಿಕೊಂಡು ಅರ್ಧ ದಿನ ಕೆಲಸ ಮಾಡಬೇಕು. ಅಂಗಡಿಯಲ್ಲಿ ಐದು ನಿಮಿಷ ಎಲ್ಲವೂ ಮೆತ್ತಗೇ ಇರುತ್ತವೆ.

ಮಾಲೂರಿನದು ಗುಂಡಗಿನ ಗಟ್ಟಿ ಪ್ಲಾಸ್ಟಿಕ್, ಮೇಲೊಂದು ಕಪ್ಪು ಸ್ಪಂಜು. ಬೆವರಿಗೆ ಕಲ್ಲಿನ ಪುಡಿ ಮೆತ್ತಿಕೊಂಡು ಮಧ್ಯಾಹ್ನದ ಹೊತ್ತಿಗೆ ಆ ಸ್ಪಂಜು ಉಪ್ಪುಕಾಗದವಾಗುತ್ತಿತ್ತು. ಅದನ್ನಾದರೂ ಸಹಿಸಿಕೊಳ್ಳಬಹುದಿತ್ತು. ದನಿ ಹುಬ್ಬಿನ ನಡುವೆ ಕೂರುವ ಬದಲು ಬಲಗಣ್ಣಿನ ಪಕ್ಕದಲ್ಲಿ ಹೋಗಿ ಕೂತಿತ್ತು. ವಾಪಸ್ ಒಯ್ದೆ. ಅಂಗಡಿಯವನು ತನ್ನ ಕಿವಿಗೆ ಹಾಕಿಕೊಂಡು, "ಎಲ್ಡೂ ಕಡೆ ಚೆನ್ನಾಗೈತಲ್ಲಣ್ಣ" ಅಂದ. ಅನ್ನದೆ ಇರುತ್ತಾನಾ? ಹೆತ್ತವರಿಗೆ ಹೆಗ್ಗಣ ಮುದ್ದು, ಮಾರುವವನಿಗೆ ಅವನ ಮಾಲು ಮುದ್ದು.

ಕೋಲಾರದಲ್ಲಿ ರಬ್ಬರ್ ತುದಿಯದು ಸಿಕ್ಕಿತು. ಪುಡಿ ಒಳಗೆ ಹೋಗುತ್ತಿರಲಿಲ್ಲ, ಒಪ್ಪುತ್ತೇನೆ. ಆದರೆ ಕಿವಿಗೆ ಬಿರಡೆ ಹಾಕಿದ ಹಾಗಾಗಿ, ಎಂಜಲು ನುಂಗಿದ್ದೂ ಹಲ್ಲು ಕಡಿದದ್ದೂ ನನಗೇ ಕೇಳಿಸುತ್ತಿತ್ತು. ವೈರು ಅಂಗಿಗೆ ಉಜ್ಜಿದರೆ ಕರಕರ ಸದ್ದು. ಎಡಗಡೆ ಅದೇ ಗೋಳು. ಶ್ರೀನಿವಾಸಪುರದ್ದು ನೋಡಲು ಬಲು ಚಂದ, ನೀಲಿ ಬಣ್ಣ; ದಪ್ಪ ತಲೆ, ಕಿವಿಯಲ್ಲಿ ನಿಲ್ಲದೆ ಜಾರಿ ಜಾರಿ ಎದೆಗೆ ಬೀಳುತ್ತಿತ್ತು. ಒತ್ತಿ ಹಿಡಿದು ಕೇಳಿದರೆ ಎಡಗಡೆ ಮತ್ತೆ ಅಷ್ಟಕ್ಕಷ್ಟೇ.

ಆ ನೀಲಿಯದನ್ನು ನನ್ನ ಹೆಂಡತಿ ಹಾಕಿಕೊಂಡು ನೋಡಿದಳು. ಮದುವೆಯಾಗಿ ಎಷ್ಟು ವರ್ಷವಾದರೂ ಅವಳಿಗೆ ನಾನು ಬಾವನೇ.

"ಎಲ್ಡೂ ಕಡೆ ಒಂದೇ ತರ ಕೇಳುಸ್ತೈತಲ್ಲ ಬಾವ."

"ನಿನಗೇನು ಗೊತ್ತಾಗುತ್ತೆ ಬಿಡು. ಇನ್ನೊಂದು ಕೊಳ್ಳದೇ ಇರ್ಲಿ ಅಂತ ಹೇಳ್ತಿದೀಯ."

ಅವಳು ಇಯರ್‌ಫೋನ್ ಸುತ್ತಿ ನನ್ನ ಕೈಗೆ ಕೊಟ್ಟಳು. "ಕುಣೀಲಾರ್ದೋಳು ನೆಲ ಡೊಂಕು ಅಂದ್ಲಂತೆ" ಎಂದು ನಕ್ಕು ಒಳಗೆ ಹೋದಳು. ನನಗೆ ಮೈಯೆಲ್ಲ ಉರಿಯಿತು.

ಆಗ ನನ್ನ ಜಗಳ ಇಯರ್‌ಫೋನ್ ಅಂಗಡಿಯವರ ಜೊತೆ ಮಾತ್ರವೂ ಅಲ್ಲ. ಎರಡು ವರ್ಷದಿಂದ ಕಲ್ಲು ಕಳಿಸುವ ಕ್ವಾರಿಯವನ ಮೇಲೂ ಕಣ್ಣಿಟ್ಟಿದ್ದೆ. ಮೊದಲಿನ ಹಾಗೆ ಕಲ್ಲು ಠಣ್ ಅನ್ನುತ್ತಲೇ ಇರಲಿಲ್ಲ. ಒಂದಾದ ಮೇಲೊಂದು ತಿರುಗಿಸಿ ಕಳಿಸಿದೆ. ಕೆಲಸ ನಿಂತುಹೋಗುವ ಹಾಗಾದಾಗ, ಈಗಿನ ಕಲ್ಲೇ ಇಷ್ಟು, ಮೇಲಿನ ಒಳ್ಳೆ ಬಂಡೆಯೆಲ್ಲ ಮುಗಿದು ತಳದ್ದನ್ನು ಕಳಿಸುತ್ತಿದ್ದಾನೆ ಎಂದು ತೀರ್ಮಾನಿಸಿ, ಸದ್ದು ಸ್ವಲ್ಪ ಮಂಕಾಗಿದ್ದರೂ ಪಾಸು ಮಾಡತೊಡಗಿದೆ. ಮಾವ ಒಂದು ಮಾತೂ ಆಡಲಿಲ್ಲ. ನನ್ನ ಕಿವಿಯ ಮೇಲೆ ಅವರಿಗೆ ಅಷ್ಟು ಭರವಸೆ ಎಂದುಕೊಂಡೆ.

ಹಾಗೆ ಪಾಸು ಮಾಡಿದ ಒಂದು ಕಲ್ಲಲ್ಲಿ ಶ್ರೀನಿವಾಸಪುರದ ಕಡೆಯ ಒಂದು ಹಳ್ಳಿಗೆ ಗಂಗಮ್ಮನನ್ನು ಕೆತ್ತುತ್ತಿದ್ದೆವು. ನಾಲ್ಕು ತಿಂಗಳ ಕೆಲಸ. ಕಣ್ಣು ತೆರೆಯುವುದೊಂದು ಬಾಕಿ. ಪ್ರತಿಷ್ಠೆ ಮಾಡಿಸುವ ಪುರೋಹಿತರು ಮುಳಬಾಗಿಲಿನವರು, ಅವರ ಹತ್ತಿರ ದಿನ ಕೇಳಿಕೊಂಡು ಬರಲು ಹೋದೆ. ಕೆಲಸ ಮುಗಿಸಿ ಬಸ್ಸಿಗೆ ಕಾಯುವಾಗ ಎದುರಿಗೇ ಒಂದು ಸಣ್ಣ ಅಂಗಡಿ. ದಪ್ಪ ಕನ್ನಡಕದ ವಯಸ್ಸಾದವರು ಕೂತಿದ್ದರು. ಒಂದು ಇಯರ್‌ಫೋನನ್ನು ನನ್ನ ಮೊಬೈಲಿಗೆ ಚುಚ್ಚಿ ಕೇಳಿದೆ. ಬಲಗಣ್ಣಿನ ಪಕ್ಕದಲ್ಲೇ ದನಿ.

"ನಿಮ್ಮದೂ ಇದೇ ಕಥೆನಾ? ಎಡಗಡೆ ಸದ್ದೇ ಇಲ್ಲ. ಎಲ್ಲಿಂದ ತರ್ತೀರಿ ಸ್ವಾಮಿ ಇಂಥ ಮಾಲು?" ಎಂದು ಗದರಿದೆ.

ಅವರು ಬೇಜಾರು ಮಾಡಿಕೊಳ್ಳಲಿಲ್ಲ. "ಅಟೂ ಇಟೂ ಮಾರ್ಚಿ ಪೆಟ್ಟುಕೋಣ್ಣಾ" ಎಂದು ತೆಲುಗಿನಲ್ಲಿ ಹೇಳುತ್ತಾ, ತಾವೇ ಕೈ ಚಾಚಿ ಬಲದ್ದನ್ನು ಎಡಗಿವಿಗೂ ಎಡದ್ದನ್ನು ಬಲಗಿವಿಗೂ ಬದಲಾಯಿಸಿ ಇಟ್ಟರು.

ದನಿ ಬಲಗಡೆಯೇ ಇತ್ತು.

ಮೊಬೈಲಿನಲ್ಲಿ ಏನೋ ಒತ್ತಿದ್ದಾರೆ ಎಂದುಕೊಂಡೆ, ದೇವರಾಣೆ. ಅವರ ಕೈ ಮೊಬೈಲಿನ ಹತ್ತಿರವೂ ಬಂದಿರಲಿಲ್ಲ. ನಾನೇ ತೆಗೆದು ಬದಲಾಯಿಸಿದೆ, ಮತ್ತೆ ಬದಲಾಯಿಸಿದೆ. ಇಯರ್‌ಫೋನ್ ಆ ಕಡೆ ಈ ಕಡೆ ಹೋಯಿತು, ದನಿ ಇದ್ದಲ್ಲಿಂದ ಕದಲಲಿಲ್ಲ. ಎಡ, ಬಲ ಎಂದು ಅದರ ಮೇಲೆ ಬರೆದಿದ್ದನ್ನು ಶಾಸ್ತ್ರದ ಹಾಗೆ ಪಾಲಿಸಿಕೊಂಡು ಬಂದಿದ್ದ ನನಗೆ ಎಂಟು ತಿಂಗಳಲ್ಲಿ ಒಂದು ಸಲವೂ ಇದು ಹೊಳೆದಿರಲಿಲ್ಲ. ಅಂಗಡಿಯವರು ನನ್ನ ಮುಖ ನೋಡಿ ಆ ಕಡೆ ತಿರುಗಿ ಏನೋ ಹುಡುಕುವ ಹಾಗೆ ಮಾಡಿದರು. ಚೌಕಾಸಿ ಮಾಡದೆ ಕೊಂಡುಕೊಂಡು ಬಂದೆ.

ಬಸ್ಸಿನಲ್ಲಿ ಎಡಗಿವಿ ಮುಚ್ಚಿ ನೋಡಿದೆ, ಬಲಗಿವಿ ಮುಚ್ಚಿ ನೋಡಿದೆ. ಬಲ ಮುಚ್ಚಿದರೆ ಮುಂದಿನ ಸೀಟಿನ ಹೆಂಗಸರ ಬಳೆ ಸದ್ದೇ ಇಲ್ಲ. ದೇವರಾಯಸಮುದ್ರ ದಾಟುವ ಹೊತ್ತಿಗೆ ಪಕ್ಕದವನು ನನ್ನನ್ನು ಒಂದು ತರಹ ನೋಡಿ ಸರಿದು ಕೂತ.

ಊರು ಸೇರಿದವನೇ ಶೆಡ್ಡಿಗೆ ಹೋಗಿ ಗಂಗಮ್ಮನನ್ನು ತಟ್ಟಿದೆ. ಎಡಗಿವಿಗೆ ಎಲ್ಲ ಕಡೆಯೂ ದಬ್. ಬಲಗಿವಿ ಕೊಟ್ಟು ತಟ್ಟಿದೆ. ಮೊಣಕಾಲಿನ ಹತ್ತಿರ ಎರಡು ವರ್ಷದಿಂದ ಕೇಳದ ಠಣ್ ಕೇಳಿತು. ಸೊಂಟದ ಹತ್ತಿರ ಬೇರೆ ಏನೋ ಅನ್ನಿಸಿತು, ಆದರೆ ಹೌದೋ ಅಲ್ಲವೋ ಹೇಳಲು ಬಲಗಿವಿಗೆ ಆ ರೂಢಿಯೇ ಇರಲಿಲ್ಲ. ಸುಮ್ಮನಿದ್ದುಬಿಡೋಣ ಅಂತಲೂ ಮನಸ್ಸಿಗೆ ಬಂತು. ಹೇಳಿದರೆ ಸುತ್ತಿಗೆ ಹೋಗುತ್ತೆ, ಸುತ್ತಿಗೆ ಹೋದರೆ ಶೆಡ್ಡಿನಲ್ಲಿ ನಾನು ಹತ್ತರಲ್ಲಿ ಹನ್ನೊಂದನೆಯವನು. ಹೇಳದಿದ್ದರೆ ಪುರೋಹಿತರು ಗೊತ್ತುಮಾಡಿದ ಶುಕ್ರವಾರ ಆ ಹಳ್ಳಿಯವರು ತಮಟೆ ತಗೊಂಡು ಬಂದು ಇವಳನ್ನು ಗಾಡಿಗೆ ಹತ್ತಿಸಿಕೊಂಡು ಹೋಗುತ್ತಾರೆ.

ಬೆಳಿಗ್ಗೆ ಮಷೀನ್ ಹಾಕುವ ಮೊದಲೇ ಮಾವನ ಮುಂದೆ ನಿಂತೆ. "ಮಾವ, ನನ್ನ ಎಡಗಿವಿ ಹೋಗೈತೆ. ಕಲ್ಲು ಕೇಳ್ತಿಲ್ಲ."

ಬೈಗುಳ ಬರುತ್ತೆ ಅಂದುಕೊಂಡಿದ್ದೆ. ಅವರು ಮಷೀನಿನ ವೈರನ್ನು ನಿಧಾನವಾಗಿ ಸುತ್ತಿಟ್ಟರು.

"ನಂದು ಎಲ್ಡೂ ಹೋಗಿ ಎಷ್ಟೋ ವರ್ಷ ಆಯ್ತು ಕಣೋ. ಮಾತು ಕೇಳ್ತೈತೆ, ಕಲ್ಲು ಕೇಳಲ್ಲ. ಅದಕ್ಕೇ ಅಲ್ವಾ ನಿನ್ ಕೈಗೆ ಕೊಟ್ಟಿದ್ದು."

ಇಷ್ಟು ವರ್ಷ ನನ್ನ ಕಿವಿ ಮೆಚ್ಚಿ ಕೊಟ್ಟರು ಎಂದು ಎದೆ ಉಬ್ಬಿಸಿಕೊಂಡು ತಿರುಗಿದ್ದೆನಲ್ಲ! ಅಳು ಬಂತು, ಸಿಟ್ಟೂ ಬಂತು. ಯಾರ ಮೇಲೆ ಅಂತ ತಿಳಿಯಲಿಲ್ಲ. "ಮತ್ತೆ ಈ ಕಲ್ಲು?" ಎಂದೆ.

ಮಾವ ಮಗಳನ್ನು ಕೂಗಿದರು. ಅವಳು ಲಂಗ ತೊಡುವ ವಯಸ್ಸಿನಿಂದ ಈ ಶೆಡ್ಡಿನ ಹಿಂಬದಿಯಲ್ಲಿ ವಿಗ್ರಹಗಳಿಗೆ ಪಾಲಿಶ್ ತಿಕ್ಕಿದವಳು, ಅಪ್ಪ ಕಲ್ಲು ತಟ್ಟುವುದನ್ನು ನನಗಿಂತ ಮೊದಲಿನಿಂದ ಕೇಳಿದವಳು. ಹೆಂಗಸಿನ ಕೈಗೆ ಆ ಸುತ್ತಿಗೆ ಕೊಟ್ಟವರು ಮಾತ್ರ ಯಾರೂ ಇರಲಿಲ್ಲ. ಕೈ ಒರೆಸಿಕೊಂಡು ಬಂದು, ಸುತ್ತಿಗೆ ಎತ್ತಿಕೊಂಡು, ಪಾದದಿಂದ ತಟ್ಟುತ್ತಾ ಮೇಲೆ ಬಂದಳು. ಮಾವ, ನಾನು ಇಬ್ಬರೂ ಅವಳ ಮುಖವನ್ನೇ ನೋಡುತ್ತಿದ್ದೆವು. ಕಲ್ಲು ಏನನ್ನುತ್ತೆ ಅಂತ ತಿಳಿಯಲು ನಮಗೆ ಬೇರೆ ದಾರಿ ಇರಲಿಲ್ಲ. ಸೊಂಟದ ಹತ್ತಿರ ನಿಲ್ಲಿಸಿದಳು. ಹಿಂದಕ್ಕೆ ಹೋಗಿ ಮತ್ತೆ ಬಂದಳು.

"ಇಲ್ಲಿ ಸತ್ತೈತೆ ಅಪ್ಪ."

ಒದ್ದೆ ಬಟ್ಟೆ ತಂದು ಅಲ್ಲೆಲ್ಲ ನೆನೆಸಿದಳು. ನೀರು ಆರಿತು. ಆರುತ್ತಾ ಆರುತ್ತಾ ಎಲ್ಲ ಕಡೆ ಬೆಳ್ಳಗಾದ ಮೇಲೂ ಎಡ ಸೊಂಟದಿಂದ ಬೆನ್ನಿನ ಕಡೆಗೆ ಕೂದಲೆಳೆಯಷ್ಟು ಒಂದು ಗೆರೆ ಹಾಗೇ ಹಸಿಯಾಗಿ ಉಳಿಯಿತು.

ಹಳ್ಳಿಯವರ ಕೈಲಿ ಅನ್ನಿಸಿಕೊಳ್ಳಬೇಕಾದದ್ದನ್ನೆಲ್ಲ ಅನ್ನಿಸಿಕೊಂಡೆ. ಬೇರೆ ಕಲ್ಲು ತರಿಸಿದೆವು, ಅವಳೇ ತಟ್ಟಿ ಆರಿಸಿದಳು. ಈಗ ಕ್ವಾರಿಯವನು ಲಾರಿ ಇಳಿಸಿದವನೇ "ಅಕ್ಕ ಎಲ್ಲಿ?" ಅನ್ನುತ್ತಾನೆ. ನನ್ನ ಕಡೆ ತಿರುಗಿಯೂ ನೋಡುವುದಿಲ್ಲ. ಅದು ಚುಚ್ಚುತ್ತದೆ, ಚುಚ್ಚಲಿ.

ನಿದ್ದೆ ಕೆಡಿಸುವುದು ಬೇರೆ. ಆ ಎರಡು ವರ್ಷದಲ್ಲಿ ನನ್ನ ಕಿವಿ ನಂಬಿ ಹನ್ನೊಂದು ದೇವರು ಶೆಡ್ಡಿನಿಂದ ಹೋಗಿವೆ. ಟೇಕಲ್ ಕಡೆ, ಮುಳಬಾಗಿಲು ಕಡೆ, ಶ್ರೀನಿವಾಸಪುರದ ಆಚೆಗೂ. ಪ್ರತಿಷ್ಠೆಯಾದ ದೇವರಿಗೆ ಸುತ್ತಿಗೆ ತಾಗಿಸುವಂತಿಲ್ಲ. ಹೆಂಡತಿಯನ್ನು ಕರೆದುಕೊಂಡು ಹೋಗಿ ಏನು ಮಾಡಲಿ? ಅದಕ್ಕೇ ಅಭಿಷೇಕದ ದಿನ ನೋಡಿಕೊಂಡು ಒಂದೊಂದೇ ಊರಿಗೆ ಹೋಗುತ್ತೇನೆ. ಎಣ್ಣೆ ಕುಡಿದ ಕಲ್ಲಲ್ಲಿ ಗೆರೆ ಕಾಣುವುದು ಕಷ್ಟ ಅಂತ ಗೊತ್ತು, ಆದರೂ ಹೋಗುತ್ತೇನೆ. ಪೂಜಾರಿಗಳು ನನ್ನನ್ನು ದೊಡ್ಡ ಭಕ್ತ ಅಂದುಕೊಂಡು ಮುಂದೆ ಕರೆದು ನಿಲ್ಲಿಸುತ್ತಾರೆ. ಕೊನೆಯ ಬಿಂದಿಗೆ ಸುರಿದ ಮೇಲೆ ಎಲ್ಲರೂ ಕಣ್ಣು ಮುಚ್ಚಿ ಕೈ ಮುಗಿಯುತ್ತಾರೆ. ನಾನೊಬ್ಬ ಕಣ್ಣು ಬಿಟ್ಟುಕೊಂಡು, ಪರದೆ ಎಳೆಯುವವರೆಗೂ, ದೇವರು ಒಣಗುವುದನ್ನೇ ನೋಡುತ್ತಾ ನಿಂತಿರುತ್ತೇನೆ.