ವಿಶ್ವಾರಾಧ್ಯನ ಸ್ಪೀಕರ್ ಫೋನು

ತಮಿಳುನಾಡಿನ ಕೋಯಂಬೇಡು ಮಾರುಕಟ್ಟೆಯಲ್ಲಿ ವೀಳ್ಯದೆಲೆ ಮಾರುವ ಕಲಬುರಗಿಯ ವಿಶ್ವಾರಾಧ್ಯ, ಊರಿನಿಂದ ಹೆಂಡತಿ ಜಗದೇವಿ ಫೋನು ಮಾಡಿದಾಗಲೆಲ್ಲ ಸ್ಪೀಕರ್ ಹಾಕುತ್ತಿದ್ದ. ಅವಳ ಒಂದೊಂದು ಮಾತನ್ನೂ ತಮಿಳಿಗೆ ತಿರುಗಿಸಿ, ಅಣಕಿಸಿ, ಹಮಾಲರನ್ನು ನಗಿಸುತ್ತಿದ್ದ. ಮೊಣಕಾಲು ನೋವು ಅಂದರೂ ನಗು, ತಾಯಿ ತೀರಿಕೊಂಡಳೆಂದು ಅವಳು ಅತ್ತ ದಿನವೂ ನಗು. ಥೂ, ಅದೂ ಒಂದು ಗಂಡಸುತನ!

ಮೊನ್ನೆ ಅವನ ಫೋನು ಎಲೆ ತೊಳೆಯುವ ತೊಟ್ಟಿಗೆ ಬಿತ್ತು. ನೀರು ಹೊರಹಾಕುತ್ತದಂತೆ ಎಂದು ಯೂಟ್ಯೂಬಿನ ಗುಂಯ್‌ಗುಡುವ ಸದ್ದೊಂದನ್ನು ಹಾಕಿದ. ಕೆಳಗಿನ ಸ್ಪೀಕರಿನಿಂದ ಹನಿಗಳು ಚಿಮ್ಮಿ ದನಿ ಬಂತು. ಕಿವಿಗಿಡುವ ಮೇಲಿನ ಸ್ಪೀಕರು ಮಾತ್ರ ಸತ್ತೇ ಇತ್ತು.

ಅಷ್ಟರಲ್ಲಿ ಜಗದೇವಿಯ ಫೋನು. "ಸ್ಪೀಕರ್ ತಗೀರಿ, ನಿಮಗಷ್ಟ ಹೇಳೋದದ."

ತೆಗೆದು ಕಿವಿಗಿಟ್ಟ. ಏನೂ ಕೇಳಲಿಲ್ಲ. ಮತ್ತೆ ಸ್ಪೀಕರ್ ಹಾಕಿದ. ಹಮಾಲರ ಗದ್ದಲ ಅವಳಿಗೂ ಕೇಳಿರಬೇಕು.

"ಹಂಗಾರ ಎಲ್ಲಾರೂ ಕೇಳ್ಲಿ. ನಾ ನಿಮ್ಮನ್ನ ಬಿಟ್ಟು ಹೊಂಟೀನಿ. ನಗಸ್ಲಾಕ ಬ್ಯಾರೆ ಯಾರನ್ನರ ಹುಡುಕ್ಕೋರಿ."

ಹಮಾಲರು ನಗಲು ಸಿದ್ಧರಾಗಿ, ಅತ್ತಿಗೆ ಏನಂದರು ಎಂದು ತಮಿಳಿನಲ್ಲಿ ಕೇಳಿದರು. ವಿಶ್ವಾರಾಧ್ಯ ತಲೆ ತಗ್ಗಿಸಿ ಎಲೆಯ ಕಟ್ಟು ಎಣಿಸತೊಡಗಿದ.

ಅಲ್ಲಿ ಕನ್ನಡ ಬಲ್ಲ ಇನ್ನೊಬ್ಬ, ಪಕ್ಕದಂಗಡಿಯ ನಾನು. ಎದ್ದು ನಿಂತೆ. ಅವನ ಧಾಟಿಯಲ್ಲೇ, ಒಂದು ಮಾತೂ ಬಿಡದೆ, ತಮಿಳಿಗೆ ತಿರುಗಿಸಿದೆ.

ಎಲ್ಲರೂ ನಕ್ಕರು, ಈ ಸಲ ಅವನನ್ನು ನೋಡಿ.